ಕಟ್ಟದೆ ಉಳಿದ ಊರಿನ ಹೆಸರು: ಎಪ್ಕಾಟ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಎಪ್ಕಾಟ್ ಮನರಂಜನೆ ಪಾರ್ಕಿನ ಆಡಳಿತ ನೋಡಿಕೊಳ್ಳುವವರು ಮತ್ತು ಪಾರ್ಕುಗಳನ್ನು ರೂಪಿಸುವ ಡಿಸ್ನಿ ಇಮ್ಯಾಜಿನಿಯರಿಂಗ್ ವಿಭಾಗದ ಹಿರಿಯರು,
ವಾಲ್ಟ್ ಡಿಸ್ನಿ ವರ್ಲ್ಡ್, ಫ್ಲಾರಿಡಾ

ವಿಷಯ: ಎಪ್ಕಾಟ್ ಎಂಬ ಹೆಸರಿನ ಅರ್ಥವನ್ನು ಪಾರ್ಕಿನೊಳಗೆ ಮರಳಿ ತರುವ ಬಗ್ಗೆ

ಮಾನ್ಯರೇ,

ನಮಸ್ಕಾರ. ಟಿಕೆಟ್ ದರ ಜಾಸ್ತಿಯಾಯಿತು ಅಂತಲೋ, ಸರದಿ ಸಾಲು ಉದ್ದವಾಯಿತು ಅಂತಲೋ ದೂರಲು ಈ ಪತ್ರ ಬರೆಯುತ್ತಿಲ್ಲ. ಅಂಥ ಪತ್ರಗಳು ನಿಮಗೆ ಬೇಕಾದಷ್ಟು ಬರುತ್ತಿರಬಹುದು. ನನ್ನ ಮಾತು ನಿಮ್ಮ ಪಾರ್ಕಿನ ಹೆಸರಿನ ಬಗ್ಗೆ. 1996ರಲ್ಲಿ ಮೊದಲ ಸಲ ಆ ಬಾಗಿಲು ದಾಟಿದೆ. ಆಮೇಲೆ 2005ರಲ್ಲಿ, 2018ರಲ್ಲಿ, ಕೊನೆಗೆ 2024ರಲ್ಲಿ ಬಂದೆ. ಇಷ್ಟು ವರ್ಷಗಳಲ್ಲಿ ಪಾರ್ಕ್ ಬದಲಾಗಿದೆ, ಒಳಗಿನ ಜಾಗಗಳ ಹೆಸರು ಬದಲಾಗಿವೆ, ಪಾರ್ಕಿನ ಹೆಸರು ಬರೆಯುವ ರೀತಿಯೂ ಬದಲಾಗಿದೆ. ಅದರಲ್ಲಿ ಎಷ್ಟೋ ಬದಲಾವಣೆ ನನಗೆ ಇಷ್ಟವಾಗಿದೆ. ಒಂದು ಮಾತ್ರ ಮನಸ್ಸಿನಲ್ಲೇ ಕೊರೆಯುತ್ತಿದೆ. ಅದನ್ನು ನಿಮ್ಮ ಮುಂದೆ ಇಡಬೇಕು ಅನಿಸಿತು.

ಮೊದಲ ಸಲ ನನ್ನನ್ನು ಕರೆದುಕೊಂಡು ಹೋದವರು ನನ್ನ ಭಾವ. ಅಕ್ಕ, ಭಾವ ಆಗ ಆರ್ಲ್ಯಾಂಡೊದಲ್ಲಿದ್ದರು. ನಾನಿನ್ನೂ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಕಾರು ಪಾರ್ಕಿಂಗ್ ಜಾಗಕ್ಕೆ ತಿರುಗುವಾಗಲೇ ಆ ದೊಡ್ಡ ಬೆಳ್ಳಿ ಗೋಳ ಕಂಡಿತು. "ಎಪ್ಕಾಟ್ ಅಂದ್ರೆ ಏನು ಭಾವ?" ಅಂತ ಕೇಳಿದೆ. ಅವರು ಕಾರು ನಿಲ್ಲಿಸಿ, ಕೀಲಿ ತಿರುಗಿಸಿ, ಆಮೇಲೆ ಹೇಳಿದರು: "ಅದೊಂದು ಊರಿನ ಹೆಸರು ಕಣಯ್ಯ. ಕಟ್ಟದೆ ಉಳಿದ ಊರು."

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಮುಂದೆ ನಾನು ಊರುಗಳ ರಸ್ತೆ, ನೀರು, ಚರಂಡಿ ಯೋಜಿಸುವ ಕೆಲಸಕ್ಕೇ ಸೇರಿಕೊಂಡೆ. ಅದಕ್ಕೆ ಆ ಒಂದು ಮಾತೇ ಕಾರಣ ಅಂತ ಹೇಳಲಾರೆ. ಆದರೆ ಅದಕ್ಕೂ ಪಾಲಿದೆ.

ಈ ಹೆಸರಿನ ಕತೆ ನಿಮಗೆ ಗೊತ್ತು. ಆದರೂ ಇದು ಬಹಿರಂಗ ಪತ್ರ, ಓದುವ ಉಳಿದವರಿಗಾಗಿ ಹೇಳುತ್ತೇನೆ. 1966ರ ಅಕ್ಟೋಬರ್ 27ರಂದು ವಾಲ್ಟ್ ಡಿಸ್ನಿ ಕ್ಯಾಮೆರಾ ಮುಂದೆ ನಿಂತು ಒಂದು ಯೋಜನೆ ವಿವರಿಸಿದರು. ಮಧ್ಯ ಫ್ಲಾರಿಡಾದಲ್ಲಿ ಅವರ ಕಂಪನಿ ಸುಮಾರು 27,000 ಎಕರೆ ನೆಲ ಕೊಂಡಿತ್ತು. ಮ್ಯಾನ್‌ಹ್ಯಾಟನ್ ದ್ವೀಪದ ಎರಡರಷ್ಟು ಜಾಗ. ಅಲ್ಲಿ ಒಂದು ಮನರಂಜನೆ ಪಾರ್ಕ್ ಬರುತ್ತದೆ ನಿಜ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಊರು ಅಂತ ಅವರು ಹೇಳಿದರು. ಆ ಊರಿನ ಹೆಸರು ಎಕ್ಸ್‌ಪೆರಿಮೆಂಟಲ್ ಪ್ರೊಟೊಟೈಪ್ ಕಮ್ಯುನಿಟಿ ಆಫ್ ಟುಮಾರೋ. ಇಂಗ್ಲಿಷ್‌ನಲ್ಲಿ ಮೊದಲಕ್ಷರ ಜೋಡಿಸಿದರೆ ಎಪ್ಕಾಟ್. ಕನ್ನಡದಲ್ಲಿ ಬಿಡಿಸಿ ಹೇಳಿದರೆ, ನಾಳಿನ ಬದುಕು ಹೇಗಿರಬಹುದು ಅಂತ ಪ್ರಯೋಗ ಮಾಡಿ ನೋಡುವ ಮಾದರಿ ಊರು.

ಸುಮಾರು 20,000 ಜನ ಅಲ್ಲಿ ನೆಲೆಸಬೇಕಿತ್ತು. ಊರಿನ ನಡುಭಾಗದ 50 ಎಕರೆಗೆ ಸೂರು ಇರಬೇಕಿತ್ತು, ಮಳೆ ಬಿಸಿಲು ತಾಗದ ಹಾಗೆ. ಕಾರು, ಲಾರಿಗಳೆಲ್ಲ ನೆಲದ ಕೆಳಗೆ ಓಡಬೇಕು. ಮೇಲೆ ಜನ ನಡೆಯಬೇಕು. ಮನೆಯಿಂದ ನಡುಪೇಟೆಗೆ ಪೀಪಲ್‌ಮೂವರ್ ಎಂಬ ಪುಟ್ಟ ರೈಲು, ದೂರಕ್ಕೆ ಮಾನೊರೈಲು. ಮಕ್ಕಳು ಶಾಲೆಗೆ ಹೋಗುವಾಗ, ಆಟ ಆಡುವಾಗ ಕಾರಿನ ಭಯ ಇರಬಾರದು ಅಂತ ಅವರು ಯೋಚಿಸಿದ್ದರು. ನನ್ನ ಕೆಲಸದಲ್ಲಿ ಇವತ್ತಿಗೂ ನಾವು ಒದ್ದಾಡುತ್ತಿರುವುದು ಇದೇ ಪ್ರಶ್ನೆಗೆ. ಹೊಸ ಬಡಾವಣೆ ನಕ್ಷೆ ಬಿಡಿಸಲು ಕೂತಾಗಲೆಲ್ಲ, ಶಾಲೆಗೆ ಹೋಗುವ ಮಗು ಎಷ್ಟು ಸಲ ರಸ್ತೆ ದಾಟಬೇಕು ಅಂತ ಮೊದಲು ಎಣಿಸುತ್ತೇನೆ.

ಆ ಚಿತ್ರೀಕರಣವಾಗಿ ಎರಡು ತಿಂಗಳೂ ಕಳೆದಿರಲಿಲ್ಲ. 1966ರ ಡಿಸೆಂಬರ್ 15ರಂದು ವಾಲ್ಟ್ ತೀರಿಕೊಂಡರು. ಅಣ್ಣ ರಾಯ್ ಡಿಸ್ನಿ ನಿವೃತ್ತಿಯ ಯೋಚನೆ ಬದಿಗಿಟ್ಟು ಆ ಮನರಂಜನೆ ಪಾರ್ಕ್ ಕಟ್ಟಿ ಮುಗಿಸಿದರು. ಆಗ ರಾಯ್ ಒಂದು ಮಾತಿಗೆ ಪಟ್ಟು ಹಿಡಿದರು. ಹೆಸರು ಬರೀ ಡಿಸ್ನಿ ವರ್ಲ್ಡ್ ಆಗಬಾರದು, ವಾಲ್ಟ್ ಡಿಸ್ನಿ ವರ್ಲ್ಡ್ ಆಗಬೇಕು. ಇದು ಯಾರ ಕನಸು ಅಂತ ಜನರಿಗೆ ತಿಳಿಯಬೇಕು. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆಯಿತು. ಅದೇ ಡಿಸೆಂಬರ್‌ನಲ್ಲಿ ರಾಯ್ ಕೂಡ ಹೋಗಿಬಿಟ್ಟರು. ತಮ್ಮನ ಹೆಸರಿನ ಒಂದು ಪದ ಉಳಿಸಲು ಅಣ್ಣ ಅಷ್ಟು ಹಟ ಮಾಡಿದರು. ಹೆಸರಿನಲ್ಲಿ ಏನಿದೆ ಅಂತ ನಿಮ್ಮ ಸಂಸ್ಥೆಗೆ ಬೇರೆ ಯಾರೂ ಕಲಿಸಬೇಕಿಲ್ಲ. ನಿಮ್ಮ ಹಿರಿಯರೇ ತೋರಿಸಿಕೊಟ್ಟಿದ್ದಾರೆ. ಆ ಧೈರ್ಯದ ಮೇಲೆಯೇ ಈ ಪತ್ರ ಬರೆಯುತ್ತಿದ್ದೇನೆ.

ಊರು ಮಾತ್ರ ಎದ್ದು ನಿಲ್ಲಲಿಲ್ಲ. 1982ರ ಅಕ್ಟೋಬರ್ 1ರಂದು ಆ ಹೆಸರಿನಲ್ಲಿ ಒಂದು ಪಾರ್ಕ್ ತೆರೆಯಿತು. ಜನ ನೆಲೆಸುವ ಊರಿನ ಬದಲು, ಜನ ಬಂದು ನೋಡಿಕೊಂಡು ಹೋಗುವ ಜಾಗ. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಒಂದು ಕಂಪನಿ ಇಪ್ಪತ್ತು ಸಾವಿರ ಜನರ ಊರನ್ನು ನಡೆಸುವುದು ಸುಲಭದ ಮಾತಲ್ಲ. ಆಗ ಇಟ್ಟ ಹೆಸರು ಎಪ್ಕಾಟ್ ಸೆಂಟರ್. ಆ ಸೆಂಟರ್ ಎಂಬ ಪದ ನನಗೆ ಬಹಳ ಇಷ್ಟ. ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಊರು ಕಟ್ಟಲು ಆಗಲಿಲ್ಲ, ಆದರೆ ಆ ಊರಿನ ವಿಚಾರಗಳಿಗೆ ಒಂದು ಕೇಂದ್ರ ಮಾಡಿದ್ದೇವೆ, ಬನ್ನಿ ಅಂತ ಕರೆದ ಹಾಗಿತ್ತು.

ಒಳಗಿನ ಹೆಸರುಗಳೂ ಅದಕ್ಕೆ ಒಪ್ಪುವಂತೆ ಇದ್ದವು. ಆ ಬೆಳ್ಳಿ ಗೋಳದ ಹೆಸರು ಸ್ಪೇಸ್‌ಶಿಪ್ ಅರ್ಥ್, ಅಂದರೆ ಭೂಮಿಯೇ ಒಂದು ನೌಕೆ. ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರ್ ಜನಪ್ರಿಯ ಮಾಡಿದ ಮಾತು ಅದು. ಒಳಗಿನ ಕತೆ ಹೆಣೆಯಲು ಲೇಖಕ ರೇ ಬ್ರ್ಯಾಡ್‌ಬರಿ ನೆರವಾದರು. 180 ಅಡಿ ಎತ್ತರದ ಆ ಗೋಳದ ಮೇಲೆ ಬಿದ್ದ ಮಳೆ ಕೆಳಗೆ ನಿಂತವರ ತಲೆ ಮೇಲೆ ಸುರಿಯುವುದಿಲ್ಲ. ಹಲಗೆಗಳ ನಡುವಿನ ಸಣ್ಣ ಸಂದುಗಳಿಂದ ಒಳಗೆ ಇಳಿದು, ಕಾಲುವೆ ಸೇರಿ, ಬೇರೆ ಬೇರೆ ದೇಶಗಳನ್ನು ತೋರಿಸುವ ವರ್ಲ್ಡ್ ಶೋಕೇಸ್ ಎಂಬ ಭಾಗದ ಕೊಳಕ್ಕೆ ಹೋಗುತ್ತದೆ. ಮಳೆನೀರು ಎಲ್ಲಿಗೆ ಹೋಗಬೇಕು ಅಂತ ಯೋಚಿಸುವುದೇ ನನ್ನ ಹೊಟ್ಟೆಪಾಡು. ಆ ಗೋಳವನ್ನು ನೋಡಿದಾಗಲೆಲ್ಲ ಕೈ ಮುಗಿಯಬೇಕು ಅನಿಸುತ್ತದೆ.

ಯೂನಿವರ್ಸ್ ಆಫ್ ಎನರ್ಜಿ ಕಟ್ಟಡದ ಚಾವಣಿ ಮೇಲೆ 1982ರಲ್ಲೇ 80,000 ಸೌರಕೋಶಗಳಿದ್ದವು. ಸಸ್ಯಗಳ ನಡುವೆ ದೋಣಿಯಲ್ಲಿ ಹೋಗುವ ಪಯಣಕ್ಕೆ ಆಗ ಇದ್ದ ಹೆಸರು ಲಿಸನ್ ಟು ದ ಲ್ಯಾಂಡ್. ನೆಲದ ಮಾತು ಕೇಳು ಅಂತ. ಎಷ್ಟು ಚೆಂದದ ಹೆಸರು, ಅಲ್ವಾ? ನಡುವಿನ ಎರಡು ಕಟ್ಟಡಗಳಿಗೆ ಕಮ್ಯುನಿಕೋರ್. ಊರಿನ ಒಡಲು ಅನ್ನುವ ಅರ್ಥದಲ್ಲಿ ಎರಡು ಇಂಗ್ಲಿಷ್ ಪದ ಬೆಸೆದು ಮಾಡಿದ್ದು. ಊರು ಇಲ್ಲದಿದ್ದರೂ ಊರಿನ ನೆನಪು ಪ್ರತಿ ಫಲಕದಲ್ಲೂ ಇತ್ತು.

ಆಮೇಲೆ ಹೆಸರು ಅಲುಗಾಡತೊಡಗಿತು. 1994ರಲ್ಲಿ ಸೆಂಟರ್ ಹೋಗಿ ಎಪ್ಕಾಟ್ '94 ಆಯಿತು. ಮರುವರ್ಷ ಎಪ್ಕಾಟ್ '95. ವಸ್ತುಪ್ರದರ್ಶನಗಳ ಹಾಗೆ ಹೆಸರಿಗೆ ಇಸವಿ ಅಂಟಿಸಿದ್ದು. 1996ರ ಹೊತ್ತಿಗೆ ಇಸವಿಯೂ ಹೋಯಿತು, ಬರೀ ಎಪ್ಕಾಟ್ ಉಳಿಯಿತು. ಮೊದಲೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದ ಹೆಸರು ಆಗ ಸಣ್ಣಕ್ಷರಕ್ಕೆ ಇಳಿಯಿತು. ಮೊದಲ ಅಕ್ಷರ ಮಾತ್ರ ದೊಡ್ಡದು. ಅಂದರೆ ಐದು ಪದಗಳ ಸಂಕ್ಷೇಪವಾಗಿದ್ದದ್ದು ಒಂದು ಸಾದಾ ಪದವಾಯಿತು. ಅದನ್ನು ಬಿಡಿಸಿ ಓದಬೇಕು ಅಂತ ಹೇಳುವ ಗುರುತು ಅಳಿಸಿಹೋಯಿತು.

2005ರಲ್ಲಿ ಬಂದಾಗ ಗೋಳದ ಪಕ್ಕದಲ್ಲಿ ಮಿಕ್ಕಿಯ ಕೈ ದೊಡ್ಡದೊಂದು ಮಂತ್ರದಂಡ ಹಿಡಿದು ನಿಂತಿತ್ತು. ಹೊಸ ಶತಮಾನದ ಸಂಭ್ರಮಕ್ಕೆ ಅಂತ ಅದನ್ನು ನಿಲ್ಲಿಸಿ, ಮೇಲೆ 2000 ಅಂತ ಬರೆದಿದ್ದರು. 2001ರಲ್ಲಿ ಆ ಅಂಕಿಯ ಜಾಗಕ್ಕೆ ಎಪ್ಕಾಟ್ ಎಂಬ ಹೆಸರು ಬಂತು. 2007ರಲ್ಲಿ, ಪಾರ್ಕಿಗೆ ಇಪ್ಪತ್ತೈದು ತುಂಬುವ ವರ್ಷ, ನೀವು ಅದನ್ನು ಇಳಿಸಿದಿರಿ. ಗೋಳ ಮತ್ತೆ ಗೋಳವಾಯಿತು. ಅದಕ್ಕೆ ನಾನು ನಿಮಗೆ ಋಣಿ.

2019ರಲ್ಲಿ ಪಾರ್ಕಿನ ದೊಡ್ಡ ಬದಲಾವಣೆ ಪ್ರಕಟಿಸಿದಾಗ ದೊಡ್ಡಕ್ಷರ ಮರಳಿ ಬಂತು. ಸುದ್ದಿ ಓದಿ ಖುಷಿಯಾಯಿತು. ಭಾವನಿಗೆ ಫೋನ್ ಮಾಡಿ ಹೇಳಿದೆ. "ಒಳ್ಳೇದಾಯ್ತು. ಆದ್ರೆ ಆ ಅಕ್ಷರಗಳಿಗೆ ಅರ್ಥ ಯಾರು ಹೇಳ್ತಾರೆ?" ಅಂದರು.

ಅವರ ಪ್ರಶ್ನೆ ಸರಿಯಾಗಿತ್ತು. ನಾನು ಕನ್ನಡದಲ್ಲಿ ಯೋಚಿಸುವವನು, ಕನ್ನಡದಲ್ಲಿ ಬರೆಯುವವನು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಭೇದವೇ ಇಲ್ಲ. ನೀವು 1982ರಲ್ಲಿ ಬರೆದದ್ದನ್ನೂ, 1996ರಲ್ಲಿ ಬರೆದದ್ದನ್ನೂ, ಈಗ ಬರೆಯುತ್ತಿರುವುದನ್ನೂ ನಾನು ಬರೆಯುವುದು ಒಂದೇ ರೀತಿ: ಎಪ್ಕಾಟ್. ನನ್ನ ಭಾಷೆಯಲ್ಲಿ ಆ ಹೆಸರಿಗೆ ಘನತೆ ಬರುವುದು ಅಕ್ಷರದ ಗಾತ್ರದಿಂದ ಆಗಲಾರದು, ಅರ್ಥ ಗೊತ್ತಿದ್ದರೆ ಮಾತ್ರ. ಜಪಾನಿ, ಚೀನಿ, ಅರಬ್ಬಿ ಓದುವವರಿಗೂ ಹೀಗೇ. ಆ ಲಿಪಿಗಳಲ್ಲೂ ದೊಡ್ಡಕ್ಷರ ಇಲ್ಲ. ನಿಮ್ಮ ವರ್ಲ್ಡ್ ಶೋಕೇಸ್‌ನಲ್ಲಿ ಜಪಾನ್ ಇದೆ, ಚೀನಾ ಇದೆ, ಮೊರಾಕೊ ಇದೆ. ಆ ಭಾಷೆಗಳಲ್ಲಿ ಹೆಸರು ಓದುವ ಒಂದು ಮಗುವಿಗೆ ಈ ಹೆಸರು ಏನು ಹೇಳುತ್ತದೆ ಅಂತ ಒಮ್ಮೆ ಯೋಚಿಸಿ.

ಇನ್ನು ಒಳಗಿನ ಹೆಸರುಗಳು. 1982ರಿಂದ ಪಾರ್ಕಿನ ಮುಂಭಾಗಕ್ಕೆ ಫ್ಯೂಚರ್ ವರ್ಲ್ಡ್ ಅಂತ ಹೆಸರಿತ್ತು. 2021ರಲ್ಲಿ ಅದು ಮೂರು ಭಾಗವಾಯಿತು. ವರ್ಲ್ಡ್ ಸೆಲೆಬ್ರೇಷನ್, ವರ್ಲ್ಡ್ ಡಿಸ್ಕವರಿ, ವರ್ಲ್ಡ್ ನೇಚರ್. ಮೊದಲಿಂದ ಇದ್ದ ವರ್ಲ್ಡ್ ಶೋಕೇಸ್ ಹಾಗೇ ಉಳಿಯಿತು. ನಾಲ್ಕೂ ಹೆಸರು ಒಂದೇ ಪದದಿಂದ ಶುರು. ನಕ್ಷೆ ಹಿಡಿದವರಿಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ನೆನಪಿಡುವುದು ಕಷ್ಟ. ಆದರೆ ನನ್ನ ಬೇಸರ ಅದಲ್ಲ. ಫ್ಯೂಚರ್ ಎಂಬ ಪದ ಹೋಯಿತಲ್ಲ, ಅದು.

ಎಪ್ಕಾಟ್ ಎಂಬ ಹೆಸರಿನ ಕೊನೆಯ ಅಕ್ಷರ ನಾಳೆಯನ್ನು ಹೇಳುತ್ತದೆ. ಮೂರನೆಯದು ಊರನ್ನು. ಊರು 1982ಕ್ಕೇ ಕೈಬಿಟ್ಟು ಹೋಗಿತ್ತು. ಆದರೂ ನಾಳೆ ಇತ್ತು. 1996ರಲ್ಲಿ ನಾನು ಕೂತ ಹೊರೈಜನ್ಸ್ ಪಯಣ ಇನ್ನೂ ಕಣ್ಣಲ್ಲಿದೆ. ಮರುಭೂಮಿಯಲ್ಲಿ ಬೆಳೆ ತೆಗೆಯುವ ಊರು, ಕಡಲ ತಳದ ಊರು, ಆಕಾಶದಲ್ಲಿ ತೇಲುವ ಊರು. ಕಿತ್ತಳೆ ತೋಟದ ದೃಶ್ಯ ಬಂದಾಗ ನಿಜವಾಗಿ ಕಿತ್ತಳೆ ಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಕೊನೆಗೆ ನಮ್ಮ ಎದುರಿನ ಗುಂಡಿ ಒತ್ತಿ, ಯಾವ ಊರಿನ ದಾರಿಯಲ್ಲಿ ಮನೆಗೆ ಮರಳಬೇಕು ಅಂತ ನಾವೇ ಆರಿಸಬೇಕಿತ್ತು. ನಾನು ಕಡಲು ಅಂದೆ. ಭಾವ ಮರುಭೂಮಿ ಅಂದರು. ಹೊರಗೆ ಬಂದಮೇಲೂ ಯಾವುದು ಸರಿ ಅಂತ ಇಬ್ಬರೂ ಬಹಳ ಹೊತ್ತು ವಾದ ಮಾಡಿದೆವು. 1999ರ ಜನವರಿಯಲ್ಲಿ ಅದು ಮುಚ್ಚಿತು. ಆಮೇಲೆ ಕಟ್ಟಡವನ್ನೇ ಕೆಡವಿದರು.

ಒಂದು ವಿಷಯದಲ್ಲಿ ನಿಮ್ಮ ಕಡೆಯ ನ್ಯಾಯವನ್ನೂ ಹೇಳಬೇಕು. ಹಳೆಯ ಪೆವಿಲಿಯನ್‌ಗಳು, ಅಂದರೆ ಒಂದೊಂದು ವಿಷಯಕ್ಕೆ ಮೀಸಲಾದ ಪ್ರದರ್ಶನ ಕಟ್ಟಡಗಳು, ದೊಡ್ಡ ಕಂಪನಿಗಳ ಪ್ರಾಯೋಜಕತ್ವದಿಂದ ನಡೆಯುತ್ತಿದ್ದವು. ಹೊರೈಜನ್ಸ್‌ಗೆ ಜನರಲ್ ಎಲೆಕ್ಟ್ರಿಕ್, ಎನರ್ಜಿಗೆ ಎಕ್ಸಾನ್, ಲ್ಯಾಂಡ್‌ಗೆ ಮೊದಲು ಕ್ರಾಫ್ಟ್, ಗೋಳಕ್ಕೆ ಬೆಲ್ ಸಿಸ್ಟಮ್. ಆ ಕಂಪನಿಗಳು ಒಂದೊಂದಾಗಿ ಹಿಂದೆ ಸರಿದಾಗ ಹಣವೂ ಹೋಯಿತು. ಭವಿಷ್ಯ ತೋರಿಸುವುದರಲ್ಲಿ ಇನ್ನೊಂದು ತೊಂದರೆಯೂ ಇದೆ. ಹತ್ತು ವರ್ಷದಲ್ಲಿ ಅದು ಹಳತಾಗಿ ಕಾಣುತ್ತದೆ. ಇವೆರಡೂ ನನಗೆ ಅರ್ಥವಾಗುತ್ತದೆ.

ಹೀಗೆ ಖಾಲಿಯಾದ ಜಾಗಕ್ಕೆ ಸಿನಿಮಾ ಪಾತ್ರಗಳು ಬಂದವು. 57 ಲಕ್ಷ ಗ್ಯಾಲನ್ ನೀರಿನ ಕಡಲ ತೊಟ್ಟಿ 1986ರಲ್ಲಿ ತೆರೆದಾಗ ದ ಲಿವಿಂಗ್ ಸೀಸ್ ಆಗಿತ್ತು. ಈಗ ಅದರ ಹೆಸರಿನಲ್ಲಿ ನೀಮೋ ಎಂಬ ಸಿನಿಮಾ ಮೀನು ಇದ್ದಾನೆ. ವರ್ಲ್ಡ್ ಶೋಕೇಸ್‌ನ ನಾರ್ವೆ ಭಾಗದ ಮೇಲ್‌ಸ್ಟ್ರಾಮ್ ದೋಣಿ ಪಯಣ 2014ರಲ್ಲಿ ನಿಂತಿತು, 2016ರಲ್ಲಿ ಫ್ರೋಜನ್ ಬಂತು. ಯೂನಿವರ್ಸ್ ಆಫ್ ಎನರ್ಜಿ 2017ರಲ್ಲಿ ಮುಚ್ಚಿ, 2022ರಲ್ಲಿ ಆ ಜಾಗದಲ್ಲಿ ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ ರೋಲರ್ ಕೋಸ್ಟರ್ ಶುರುವಾಯಿತು. ವರ್ಲ್ಡ್ ಶೋಕೇಸ್‌ನ ಫ್ರಾನ್ಸ್ ಭಾಗದಲ್ಲಿ 2021ರಿಂದ ರೆಮಿ ಎಂಬ ಸಿನಿಮಾ ಇಲಿ ಓಡಾಡುತ್ತಿದೆ. ನನ್ನ ಮಗಳಿಗೆ ಇವೆಲ್ಲ ಬಹಳ ಇಷ್ಟ. ಅವಳು ನಕ್ಕರೆ ನನಗೂ ಸಂತೋಷ. ಚೆನ್ನಾಗಿ ಮಾಡಿದ್ದೀರಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ಕೇಳುತ್ತೇನೆ. ನೀಮೋ ತೆರೆಗೆ ಬಂದದ್ದು 2003ರಲ್ಲಿ. ರೆಮಿ 2007ರಲ್ಲಿ. ಫ್ರೋಜನ್ 2013ರಲ್ಲಿ. ಜನ ಆಗಲೇ ನೋಡಿ ಮೆಚ್ಚಿದ ಸಿನಿಮಾಗಳು ಇವು. ನಾಳೆಯ ಹೆಸರು ಹೊತ್ತ ಜಾಗದಲ್ಲಿ ನಿನ್ನೆಯ ಸಿನಿಮಾಗಳು ಒಂದೊಂದಾಗಿ ಸೇರುತ್ತಾ ಹೋದರೆ, ನಾಳೆಗೆ ಜಾಗ ಎಲ್ಲಿ? ಎಪ್ಕಾಟ್ ಎಂದೂ ಮುಗಿಯದ ಊರು, ಸದಾ ಹೊಸದನ್ನು ಪರೀಕ್ಷಿಸುತ್ತಲೇ ಇರುವ ಊರು ಅಂತ ವಾಲ್ಟ್ ಹೇಳಿದ್ದರು. ಬದಲಾವಣೆ ಬೇಡ ಅನ್ನುವವರಿಗೆ ಈ ಮಾತನ್ನೇ ಉತ್ತರವಾಗಿ ಕೊಡುತ್ತಾರೆ. ನಾನೂ ಅದನ್ನು ಒಪ್ಪುತ್ತೇನೆ. ಅವರು ಹೇಳಿದ ಬದಲಾವಣೆಗೆ ಒಂದು ದಿಕ್ಕಿತ್ತು. ಅದು ಮುಂದಕ್ಕೆ ನೋಡುವ ಬದಲಾವಣೆ.

ಪಕ್ಕದ ಪಾರ್ಕಿನ ಉದಾಹರಣೆ ನಿಮ್ಮ ಕಣ್ಣೆದುರೇ ಇದೆ. 1989ರಲ್ಲಿ ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಅಂತ ತೆರೆಯಿತು, 2008ರಲ್ಲಿ ಡಿಸ್ನೀಸ್ ಹಾಲಿವುಡ್ ಸ್ಟುಡಿಯೋಸ್ ಆಯಿತು. ಮುಲಾನ್ ಚಿತ್ರ ಅಲ್ಲಿನ ಅನಿಮೇಷನ್ ಸ್ಟುಡಿಯೋದಲ್ಲೇ ತಯಾರಾಗಿತ್ತು. ಆ ಸ್ಟುಡಿಯೋ 2004ರಲ್ಲಿ ಮುಚ್ಚಿತು. ಹಿಂಬದಿ ತೋರಿಸುವ ಟೂರ್ 2014ರಲ್ಲಿ ನಿಂತಿತು. ಹೆಸರಿನಲ್ಲಿ ಮಾತ್ರ ಸ್ಟುಡಿಯೋಸ್ ಉಳಿದಿದೆ. ಎಪ್ಕಾಟ್‌ಗೂ ಹೀಗೆ ಆಗಬಾರದು ಅನ್ನುವುದು ನನ್ನ ಕಳಕಳಿ.

ಜನರ ಮಾತು ನೀವು ಕೇಳುವವರು ಅಂತಲೂ ನನಗೆ ಗೊತ್ತು. ಫಿಗ್ಮೆಂಟ್ ಕತೆಯೇ ಸಾಕು. 1983ರಿಂದ ಇದ್ದ ಆ ನೇರಳೆ ಬಣ್ಣದ ಪುಟ್ಟ ಡ್ರ್ಯಾಗನ್‌ಗೆ 1999ರ ಹೊಸ ಪಯಣದಲ್ಲಿ ಹೆಚ್ಚುಕಡಿಮೆ ಜಾಗವೇ ಇರಲಿಲ್ಲ. ಜನ ಬೇಸರಪಟ್ಟರು, ಬರೆದರು, ಕೇಳಿದರು. 2002ರಲ್ಲಿ ಮತ್ತೆ ಪಯಣ ತೆರೆದಾಗ ಫಿಗ್ಮೆಂಟ್ ವಾಪಸ್ ಬಂದಿದ್ದ, ಪಯಣದ ಹೆಸರಿನಲ್ಲೇ ಇದ್ದ. 2024ರಲ್ಲಿ ಹೊಸ ಸಭಾಂಗಣಕ್ಕೆ ಕಮ್ಯುನಿಕೋರ್ ಹಾಲ್ ಅಂತ ಹೆಸರಿಟ್ಟಿರಿ. 1994ರಲ್ಲಿ ಇನೊವೆನ್ಷನ್ಸ್ ಎಂಬ ಪ್ರದರ್ಶನಕ್ಕೆ ಜಾಗ ಬಿಟ್ಟುಕೊಟ್ಟು ಮರೆಯಾಗಿದ್ದ ಹೆಸರು ಮೂವತ್ತು ವರ್ಷದ ಮೇಲೆ ಮರಳಿತು. 2025ರಲ್ಲಿ ಟೆಸ್ಟ್ ಟ್ರ್ಯಾಕ್ ಎಂಬ ಕಾರು ಪಯಣವನ್ನು ಹೊಸದಾಗಿ ಮಾಡುವಾಗ ಅದೇ ಜಾಗದಲ್ಲಿ ಮೊದಲಿದ್ದ ವರ್ಲ್ಡ್ ಆಫ್ ಮೋಷನ್‌ನಿಂದ ಸ್ಫೂರ್ತಿ ಪಡೆದಿರಿ. ಹಳೆಯ ಹೆಸರುಗಳ ಮೇಲೆ ಪ್ರೀತಿ ಇರುವವರು ನಿಮ್ಮೊಳಗೇ ಇದ್ದಾರೆ. ಈ ಪತ್ರ ಅವರ ಕೈಗೆ ಸೇರಲಿ.

2024ರಲ್ಲಿ ಬಂದಾಗ ಮಗಳಿಗೆ ಹತ್ತು ವರ್ಷ. ಗೋಳದ ಹಿಂದಿನ ಹೊಸ ತೋಟದಲ್ಲಿ ವಾಲ್ಟ್ ಕೂತಿರುವ ಕಂಚಿನ ಪ್ರತಿಮೆ ಇದೆಯಲ್ಲ, ಅದರ ಪಕ್ಕ ಅವಳೂ ಕೂತಳು. ಫೋಟೊ ತೆಗೆದೆ. ಆಗ ಕೇಳಿದಳು, "ಅಪ್ಪಾ, ಎಪ್ಕಾಟ್ ಅಂದ್ರೆ ಏನು?" ನಾನು 1996ರಲ್ಲಿ ಕೇಳಿದ್ದೇ ಪ್ರಶ್ನೆ. ನನಗೆ ಒಂದು ಕ್ಷಣ ಗಂಟಲು ಕಟ್ಟಿತು. ಭಾವ ಹೇಳಿದ್ದನ್ನೇ ಹೇಳಿದೆ. ಒಂದು ಊರಿನ ಹೆಸರು ಪುಟ್ಟಾ, ಕಟ್ಟದೆ ಉಳಿದ ಊರು. ಪಕ್ಕದಲ್ಲಿ ಕೂತಿದ್ದಾರಲ್ಲ ತಾತ, ಅವರು ಕಟ್ಟಬೇಕು ಅಂತಿದ್ದರು.

ಅವಳು ಪ್ರತಿಮೆಯ ಮುಖ ನೋಡಿದಳು. "ಆ ಊರು ನೋಡೋಕೆ ಹೇಗಿತ್ತು?"

ಅವಳಿಗೆ ತೋರಿಸಲು ನನಗೆ ಬೇರೆ ಪಾರ್ಕಿಗೇ ಹೋಗಬೇಕಾಯಿತು. ಆ ಊರಿನ ಮಾದರಿ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿದೆ. ಪ್ರೋಗ್ರೆಸ್ ಸಿಟಿ ಅಂತ ಅದರ ಹೆಸರು. 1967ರಿಂದ 1973ರವರೆಗೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ, ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಎಂಬ ಪ್ರದರ್ಶನದ ಮಹಡಿಯಲ್ಲಿ ಅದನ್ನು ಇಟ್ಟಿದ್ದರು. ಆಮೇಲೆ ಅದರ ಒಂದು ಭಾಗ ಫ್ಲಾರಿಡಾಕ್ಕೆ ಬಂತು. ಮರುದಿನ ಮಗಳನ್ನು ಮ್ಯಾಜಿಕ್ ಕಿಂಗ್‌ಡಮ್‌ನ ಟುಮಾರೋಲ್ಯಾಂಡ್ ಭಾಗದಲ್ಲಿ ಪೀಪಲ್‌ಮೂವರ್ ಹತ್ತಿಸಿದೆ. ಕತ್ತಲೆಯ ಸುರಂಗದಲ್ಲಿ, ಗಾಜಿನಾಚೆ, ಪುಟ್ಟ ಪುಟ್ಟ ದೀಪಗಳ ಆ ಊರು ಕಂಡಿತು. ನಡುವೆ ಎತ್ತರದ ಹೋಟೆಲ್, ಸುತ್ತ ಬಡಾವಣೆಗಳು, ಹಸಿರು ಪಟ್ಟಿ. "ಅಗೋ ನೋಡು" ಅನ್ನುವಷ್ಟರಲ್ಲಿ ದಾಟಿ ಹೋಯಿತು. ಮಗಳು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದಳು. ಇನ್ನೊಂದು ಸಲ ಹೋಗೋಣ ಅಂದಳು. ಮೂರು ಸಲ ಹೋದೆವು.

ಹೆಸರು ಒಂದು ಪಾರ್ಕಿನಲ್ಲಿದೆ. ಆ ಹೆಸರಿನ ಊರು ಇನ್ನೊಂದು ಪಾರ್ಕಿನ ಕತ್ತಲೆಯಲ್ಲಿದೆ. ಇದೇ ನನ್ನ ದೂರು.

ಆದ್ದರಿಂದ ಮೊದಲ ಕೋರಿಕೆ ಇದು. ಪ್ರೋಗ್ರೆಸ್ ಸಿಟಿಯ ಮಾದರಿಯನ್ನು ಎಪ್ಕಾಟ್‌ಗೆ ತನ್ನಿ. ಹಳೆಯದನ್ನು ಅಲುಗಿಸಿದರೆ ಹಾಳಾಗುತ್ತದೆ ಅನ್ನುವುದಾದರೆ ಹೊಸದೊಂದು ಮಾಡಿಸಿ. ಜಾಗ ಹುಡುಕಬೇಕಿಲ್ಲ. ಕಮ್ಯುನಿಕೋರ್ ಹಾಲ್ ಇದೆ. ಊರಿನ ಒಡಲು ಅಂತ ಹೆಸರಿರುವ ಜಾಗದಲ್ಲಿ ಊರಿನ ಮಾದರಿ ಇಟ್ಟರೆ ಎರಡಕ್ಕೂ ಅರ್ಥ ಬರುತ್ತದೆ. ಮಕ್ಕಳು ಸುತ್ತ ನಿಂತು ನೋಡುವ ಹಾಗಿರಲಿ. ಕಾರು ಎಲ್ಲಿ ಹೋಗುತ್ತದೆ, ನೀರು ಎಲ್ಲಿಂದ ಬರುತ್ತದೆ, ಶಾಲೆ ಎಲ್ಲಿದೆ ಅಂತ ಬೆರಳಿಟ್ಟು ಕೇಳುವ ಹಾಗಿರಲಿ. ನೀನಾಗಿದ್ದರೆ ಶಾಲೆ ಎಲ್ಲಿ ಇಡುತ್ತಿದ್ದೆ ಅಂತ ಅವರನ್ನೂ ಕೇಳಿ. ಪ್ರಯೋಗ ಅಂದರೆ ಅದೇ ಅಲ್ವಾ?

ಎರಡನೆಯದು ಚಿಕ್ಕದು. ಬಾಗಿಲಲ್ಲಿ ಹೆಸರನ್ನು ಬಿಡಿಸಿ ಬರೆಯಿಸಿ. ಐದು ಪದ, ಒಂದು ವಾಕ್ಯದ ವಿವರಣೆ. ವರ್ಲ್ಡ್ ಶೋಕೇಸ್‌ನಲ್ಲಿ ಹನ್ನೊಂದು ದೇಶಗಳಿವೆ. ಆ ದೇಶಗಳಿಂದ ಬಂದು ಕೆಲಸ ಮಾಡುವ ಹುಡುಗ ಹುಡುಗಿಯರ ಎದೆ ಮೇಲಿನ ಚೀಟಿಯಲ್ಲಿ ಅವರ ಹೆಸರಿನ ಜೊತೆ ಊರಿನ ಹೆಸರೂ ಇರುತ್ತದೆ. ಅವರಿಂದಲೇ ಈ ವಾಕ್ಯವನ್ನು ಅವರವರ ಭಾಷೆಗೆ ಮಾಡಿಸಿ, ಎಲ್ಲ ಭಾಷೆಯಲ್ಲೂ ಬರೆಯಿಸಿ. 1982ರ ಅಕ್ಟೋಬರ್‌ನಲ್ಲಿ ಪಾರ್ಕ್ ಸಮರ್ಪಣೆ ಮಾಡಿದಾಗ ಹಲವು ದೇಶಗಳಿಂದ ತಂದ ನೀರನ್ನು ಅಲ್ಲಿನ ಕಾರಂಜಿಗೆ ಸುರಿದಿದ್ದರು. ಆ ಕಾರಂಜಿ ಈಗ ಇಲ್ಲ, 2019ರ ಕಾಮಗಾರಿಯಲ್ಲಿ ಹೋಯಿತು. ಅದೇ ಭಾವನೆಗೆ ಇನ್ನೊಂದು ರೂಪ ಕೊಟ್ಟ ಹಾಗೆ ಆಗುತ್ತದೆ.

ಮೂರನೆಯದನ್ನು ಕೈಮುಗಿದು ಕೇಳುತ್ತೇನೆ. ಸ್ಪೇಸ್‌ಶಿಪ್ ಅರ್ಥ್ ಮತ್ತು ಲಿವಿಂಗ್ ವಿತ್ ದ ಲ್ಯಾಂಡ್, ಈ ಎರಡಕ್ಕೆ ಯಾವ ಸಿನಿಮಾ ಹೆಸರನ್ನೂ ಸೇರಿಸಬೇಡಿ. ಒಳಗಿನದು ಬದಲಾಗಲಿ. ಗೋಳದ ಒಳಗೆ ಕತೆ ಹೇಳುವ ದನಿ ಎಷ್ಟೋ ಸಲ ಬದಲಾಗಿದೆ. ದೋಣಿ ಪಯಣದ ಹೆಸರು ಕೂಡ 1993ರ ಕೊನೆಗೆ ಬದಲಾಗಿ, ನೆಲದ ಮಾತು ಕೇಳು ಅನ್ನುವುದು ನೆಲದ ಜೊತೆ ಬಾಳುವುದು ಅಂತಾಯಿತು. ಆ ಬದಲಾವಣೆಯಲ್ಲಿ ಅರ್ಥ ಉಳಿಯಿತು, ನನಗೆ ತಕರಾರಿಲ್ಲ. ಮಣ್ಣಿಲ್ಲದೆ ನೀರಿನಲ್ಲೇ ಬೆಳೆದ ಗಿಡಗಳು, ತೂಗುವ ಬೇರುಗಳು, ಮೀನಿನ ತೊಟ್ಟಿಗಳು. ಅಲ್ಲಿ ಬೆಳೆದ ತರಕಾರಿ ಪಾರ್ಕಿನ ಹೋಟೆಲಿನಲ್ಲೇ ಬಡಿಸುತ್ತಾರೆ. ಇವತ್ತಿಗೂ ಎಪ್ಕಾಟ್‌ನಲ್ಲಿ ಪ್ರಯೋಗ ಎಂಬ ಪದಕ್ಕೆ ನಿಜವಾಗಿ ತಕ್ಕ ಜಾಗ ಅದು. ಮಗಳು ಆ ದೋಣಿಯಲ್ಲಿ ಒಂದು ಮಾತೂ ಆಡದೆ ಕೂತಿದ್ದಳು. ಯಾವ ಪಾತ್ರವೂ ಅವಳಿಗೆ ಬೇಕಾಗಲಿಲ್ಲ.

ಕೊನೆಯದಾಗಿ, ಮುಂದೆ ಕಟ್ಟುವ ಹೊಸ ಪೆವಿಲಿಯನ್‌ಗಳಲ್ಲಿ ಒಂದನ್ನಾದರೂ ನಾಳೆಗೆ ಬಿಡಿ. ಬಿಸಿಯೇರುತ್ತಿರುವ ಊರುಗಳು, ಕುಡಿಯುವ ನೀರು, ವಯಸ್ಸಾದವರು ಮಕ್ಕಳು ಒಟ್ಟಿಗೆ ಬಾಳುವ ಬೀದಿ, ವಿಷಯಕ್ಕೆ ಬರವಿಲ್ಲ. ನನ್ನಂಥ ಸಾವಿರಾರು ಜನ ದಿನಾ ಅದೇ ಕೆಲಸ ಮಾಡುತ್ತಿದ್ದೇವೆ. ಆ ಜಾಗಕ್ಕೆ ಫ್ಯೂಚರ್ ಎಂಬ ಪದ ಇರುವ ಒಂದು ಹೆಸರು ಕೊಡಿ.

2023ರಲ್ಲಿ ನಿಮ್ಮ ಸುತ್ತಲಿನ ರೀಡಿ ಕ್ರೀಕ್ ಎಂಬ ವಿಶೇಷ ಆಡಳಿತ ಜಿಲ್ಲೆಯ ಹೆಸರೂ ಹೋಯಿತು, ಬೇರೆ ಹೆಸರು ಬಂತು. 1967ರಲ್ಲಿ ಆ ಜಿಲ್ಲೆ ರಚನೆಯಾದಾಗ ಈ ಊರಿನ ಯೋಜನೆಯನ್ನೂ ಜನರ ಮುಂದೆ ಇಟ್ಟಿದ್ದರು. ಆ ಜಿಲ್ಲೆಯಲ್ಲಿ ಕಟ್ಟಡ ಕಟ್ಟುವ ನಿಯಮಗಳಿಗೆ ಎಪ್ಕಾಟ್ ಬಿಲ್ಡಿಂಗ್ ಕೋಡ್ ಅಂತಲೇ ಹೆಸರಿತ್ತು. ನನ್ನ ವೃತ್ತಿಯವರಿಗೆ ಇದು ರೋಮಾಂಚನದ ವಿಷಯ. ಕಟ್ಟದೆ ಉಳಿದ ಊರಿನ ಹೆಸರು ಕೊನೆಗೂ ಒಂದು ನಿಯಮ ಪುಸ್ತಕದಲ್ಲಿ ಬದುಕಿತ್ತು. ಹೆಸರು ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅದನ್ನು ಕಾಪಾಡುವ ಹೊಣೆ ಈಗ ಹೆಚ್ಚುಕಡಿಮೆ ನಿಮ್ಮೊಬ್ಬರದೇ.

2032ರ ಅಕ್ಟೋಬರ್ 1ಕ್ಕೆ ಎಪ್ಕಾಟ್‌ಗೆ ಐವತ್ತು ತುಂಬುತ್ತದೆ. ಇನ್ನೂ ಸಮಯವಿದೆ. ಮಗಳಿಗೆ ಆಗ ಹದಿನೆಂಟು. ಅವಳನ್ನು, ಸಾಧ್ಯವಾದರೆ ಭಾವನನ್ನೂ ಕರೆದುಕೊಂಡು ಬರುವ ಆಸೆ ಇದೆ. ಅಷ್ಟರಲ್ಲಿ ಆ ಮಾದರಿ ಕಮ್ಯುನಿಕೋರ್ ಹಾಲ್‌ಗೆ ಬಂದಿದ್ದರೆ, ಮೂವರೂ ಅದರ ಸುತ್ತ ಒಂದು ಸುತ್ತು ಬಂದು ನಿಧಾನವಾಗಿ ನೋಡುತ್ತೇವೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ವಿಶ್ವಾಸದಿಂದ,
ನಿಮ್ಮ ಪಾರ್ಕಿಗೆ ನಾಲ್ಕು ಸಲ ಬಂದು ಹೋದ ಒಬ್ಬ ಊರು ಯೋಜಕ